ರಿಪೇರಿ ಬಲ್ಲ ಕೈಗಳು: ಈ ಸಾಲಿನ ವಿದ್ಯಾರ್ಥಿವೇತನದಲ್ಲಿ ಕೈಕಸುಬಿಗೂ ಪಾಲು





ವರ್ಷದ ಜಮಾ-ಖರ್ಚಿನ ಲೆಕ್ಕ ಮುಂದಿನ ಪುಟಗಳಲ್ಲಿದೆ. ಅದಕ್ಕೆ ಮೊದಲು, ಈ ಸಾಲಿನಿಂದ ವಿದ್ಯಾರ್ಥಿವೇತನದಲ್ಲಿ ಸೇರಿಸಿರುವ ಒಂದು ವಿಭಾಗದ ಬಗ್ಗೆ ವಿವರವಾಗಿ ತಿಳಿಸಬೇಕಾಗಿದೆ. ಪಿಯುಸಿ, ಪದವಿ, ನರ್ಸಿಂಗ್, ಎಂಜಿನಿಯರಿಂಗ್ ಓದುವವರ ಜೊತೆಗೆ ಇನ್ನು ಮುಂದೆ ದುರಸ್ತಿ ಕಸುಬು ಕಲಿಯುವವರಿಗೂ ನಮ್ಮ ಟ್ರಸ್ಟ್ ನೆರವು ನೀಡಲಿದೆ. ಎಲೆಕ್ಟ್ರಿಷಿಯನ್, ಪ್ಲಂಬರ್, ಹೊಲಿಗೆ ಯಂತ್ರ ರಿಪೇರಿ, ಪಂಪ್ ಮತ್ತು ಮೋಟಾರು ರಿಪೇರಿ, ಫ್ರಿಜ್ ಮತ್ತು ಎ.ಸಿ. ಕೆಲಸ ಇವೆಲ್ಲ ಇದರಲ್ಲಿ ಸೇರುತ್ತವೆ. ಇದು ಏಕೆ, ಹೇಗೆ, ಯಾರ ಹಣದಿಂದ ಎಂಬುದನ್ನು ದಾನಿಗಳು ಕೇಳುವುದು ನ್ಯಾಯ. ನಮ್ಮ ಮಗನಿಗೆ ಇದು ತಕ್ಕುದೇ ಎಂದು ಕುಟುಂಬಗಳು ಕೇಳುವುದೂ ನ್ಯಾಯ. ಇಬ್ಬರಿಗೂ ಉತ್ತರ ಇಲ್ಲಿದೆ.

ಹಾರೈಕೆಯಿಂದ ಕೆಲಸಕ್ಕೆ

ರಮಝಾನಿನ ಕಿಟ್ ಹಂಚಲು, ಪಿಂಚಣಿ ಅರ್ಜಿ ಬರೆದುಕೊಡಲು, ವಿದ್ಯಾರ್ಥಿವೇತನದ ಪರಿಶೀಲನೆಗೆಂದು ಸ್ವಯಂಸೇವಕರು ಮನೆ ಮನೆಗೆ ಹೋಗುತ್ತಾರೆ. ಅಕ್ಕಿ, ಎಣ್ಣೆ ಕೊಟ್ಟು ಬರುವಾಗ ಕಣ್ಣಿಗೆ ಬೀಳುವುದು ಬೇರೆಯೇ ಸಂಗತಿಗಳು. ತಿರುಗದ ಫ್ಯಾನು, ಬಟ್ಟೆ ಮುಚ್ಚಿ ಮೂಲೆಗೆ ಸರಿಸಿದ ಹೊಲಿಗೆ ಯಂತ್ರ, ಚಿಂದಿ ಸುತ್ತಿ ಕಟ್ಟಿದ ನಲ್ಲಿ, ಮಕ್ಕಳ ಕೈಗೆ ಎಟಕುವಂತೆ ತೆರೆದುಕೊಂಡಿರುವ ಸ್ವಿಚ್ ಬೋರ್ಡ್. ಸ್ವಯಂಸೇವಕರಲ್ಲಿ ಶಿಕ್ಷಕರಿದ್ದಾರೆ, ಅಂಗಡಿ ನಡೆಸುವವರಿದ್ದಾರೆ, ಕಾಲೇಜು ಹುಡುಗರಿದ್ದಾರೆ. ‘ನಮಗೆ ಇದೊಂದು ಕೈಕೆಲಸ ಗೊತ್ತಿದ್ದಿದ್ದರೆ ಈಗಲೇ ಮಾಡಿಕೊಟ್ಟು ಹೋಗುತ್ತಿದ್ದೆವು’ ಎನ್ನುವ ಮಾತು ಅವರಿಂದ ಮತ್ತೆ ಮತ್ತೆ ಬರುತ್ತದೆ.

ಈ ಹಾರೈಕೆ ಒಳ್ಳೆಯದು. ಆದರೆ ಫ್ಯಾನು ತಿರುಗಲು ಹಾರೈಕೆ ಸಾಲದು. ಕಿಟ್ ಒಂದು ತಿಂಗಳಲ್ಲಿ ಮುಗಿಯುತ್ತದೆ. ಹೊಲಿಗೆ ಯಂತ್ರ ಸರಿಯಾದರೆ ಆ ಮನೆಯ ಸಂಪಾದನೆ ಮತ್ತೆ ಶುರುವಾಗುತ್ತದೆ. ಆದ್ದರಿಂದ ರಿಪೇರಿಯನ್ನು ನಾವು ನೆರವಿನ ಒಂದು ಮುಖ್ಯ ಭಾಗವೆಂದೇ ಕಾಣುತ್ತೇವೆ.

ಇದಕ್ಕೆ ನಮ್ಮ ದೀನಿನಲ್ಲೇ ಬುನಾದಿ ಇದೆ. ಯಾವ ಕರ್ಮ ಶ್ರೇಷ್ಠ ಎಂದು ಅಬೂದರ್(ರ) ಅವರು ಪ್ರವಾದಿ(ಸ)ಯವರಲ್ಲಿ ಕೇಳಿದ ಪ್ರಸಂಗ ಬುಖಾರಿ ಮತ್ತು ಮುಸ್ಲಿಂ ಎರಡೂ ಸಂಗ್ರಹಗಳಲ್ಲಿದೆ. ದೊಡ್ಡ ಕರ್ಮಗಳನ್ನು ಹೇಳಿದ ಮೇಲೆ, ಅವು ನನ್ನಿಂದ ಆಗದಿದ್ದರೆ ಎಂದು ಅವರು ಮತ್ತೆ ಕೇಳುತ್ತಾರೆ. ಆಗ ಬಂದ ಉತ್ತರದ ಸಾರ ಹೀಗಿದೆ: ಕಸುಬುದಾರನಿಗೆ ನೆರವಾಗು, ಇಲ್ಲವೇ ಕೆಲಸ ಗೊತ್ತಿಲ್ಲದವನಿಗೆ ಆ ಕೆಲಸ ಮಾಡಿಕೊಡು. ಅದೂ ಆಗದಿದ್ದರೆ ಎಂಬ ಪ್ರಶ್ನೆಗೆ, ನಿನ್ನಿಂದ ಜನರಿಗೆ ಕೇಡಾಗದಂತೆ ನೋಡಿಕೋ, ಅದೂ ಒಂದು ಸದಕ ಎಂಬ ಉತ್ತರ ಸಿಗುತ್ತದೆ. ಪ್ರವಾದಿ(ಸ)ಯವರು ಮನೆಯಲ್ಲಿ ತಮ್ಮ ಚಪ್ಪಲಿಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು, ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂದು ಆಯಿಶಾ(ರ) ಅವರು ಹೇಳಿರುವುದೂ ನಮಗೆ ಗೊತ್ತಿದೆ.

ಕೆಲಸ ಗೊತ್ತಿಲ್ಲದವರಿಗೆ ಮಾಡಿಕೊಡುವುದು, ಕಸುಬುದಾರರಿಗೆ ನೆರವಾಗುವುದು, ಕೇಡು ಮಾಡದಿರುವುದು: ಈ ಮೂರನ್ನೇ ನಮ್ಮ ಹೊಸ ವಿಭಾಗದ ನಿಯಮವಾಗಿ ಇಟ್ಟುಕೊಂಡಿದ್ದೇವೆ. ಒಂದೊಂದಾಗಿ ವಿವರಿಸುತ್ತೇವೆ.

ಮನೆಯಲ್ಲಿ ಕೆಡುವುದು ಏನು, ಸರಿಯಾಗುವುದು ಹೇಗೆ

ಬಡವರ ಮನೆಯಲ್ಲಿ ಮೂಲೆ ಸೇರಿದ ವಸ್ತುಗಳಲ್ಲಿ ಅನೇಕವು ಪೂರ್ತಿ ಕೆಟ್ಟಿರುವುದಿಲ್ಲ. ಒಂದು ಸಣ್ಣ ಭಾಗ ಸವೆದಿರುತ್ತದೆ, ಅದು ಯಾವುದೆಂದು ಹೇಳುವವರು ಇರುವುದಿಲ್ಲ.

ಸೀಲಿಂಗ್ ಫ್ಯಾನನ್ನೇ ತೆಗೆದುಕೊಳ್ಳಿ. ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಕೋಲಿನಿಂದ ತಳ್ಳಿದರೆ ನಿಧಾನವಾಗಿ ಸುತ್ತತೊಡಗುತ್ತದೆ. ಇದು ಹೆಚ್ಚಾಗಿ ಕೆಪಾಸಿಟರ್ ದುರ್ಬಲವಾಗಿರುವ ಲಕ್ಷಣ. ಹಳೆಯ ಮಾದರಿಯ ಬಹಳಷ್ಟು ಫ್ಯಾನುಗಳಿಗೆ 2.5 ಮೈಕ್ರೋಫ್ಯಾರಡ್‌ನ ಚಿಕ್ಕ ಕೆಪಾಸಿಟರ್ ಇರುತ್ತದೆ. ಅದನ್ನು ಬದಲಿಸಿದರೆ ಫ್ಯಾನು ಮೊದಲಿನಂತೆ ತಿರುಗುತ್ತದೆ. ಗೊತ್ತಿಲ್ಲದವರು ಮೋಟಾರು ಸುಟ್ಟಿದೆ ಎಂದು ತಿಳಿದು ಹೊಸ ಫ್ಯಾನು ತರುತ್ತಾರೆ, ಇಲ್ಲವೇ ಸೆಖೆಯಲ್ಲೇ ದಿನ ದೂಡುತ್ತಾರೆ.

ಮಿಕ್ಸಿ ಇದ್ದಕ್ಕಿದ್ದಂತೆ ನಿಂತುಹೋದರೆ ಮೊದಲು ಅದರ ತಳ ನೋಡಬೇಕು. ಅನೇಕ ಮಿಕ್ಸಿಗಳ ಕೆಳಗೆ ಒಂದು ಸಣ್ಣ ಗುಂಡಿ ಇರುತ್ತದೆ. ಜಾರಿಗೆ ಹೆಚ್ಚು ಹಾಕಿ ಮೋಟಾರಿಗೆ ಭಾರವಾದಾಗ ಅದು ತಾನೇ ಹೊರಚಿಮ್ಮಿ ವಿದ್ಯುತ್ತನ್ನು ಕಡಿಯುತ್ತದೆ. ಪ್ಲಗ್ ಕಿತ್ತು, ಜಾರಿನ ಭಾರ ಕಡಿಮೆ ಮಾಡಿ, ಕೆಲವು ನಿಮಿಷ ತಣಿಯಲು ಬಿಟ್ಟು ಆ ಗುಂಡಿ ಒತ್ತಿದರೆ ಸಾಕು. ಗುಂಡಿ ಒತ್ತಿದರೂ ಓಡದಿದ್ದರೆ, ಅಥವಾ ಓಡುವಾಗ ಒಳಗೆ ವಿಪರೀತ ಕಿಡಿ ಕಾಣಿಸಿದರೆ, ಕಾರ್ಬನ್ ಬ್ರಶ್ ಸವೆದಿರಬಹುದು. ಮೋಟಾರು ಓಡುತ್ತಿದ್ದರೂ ಬ್ಲೇಡು ತಿರುಗದಿದ್ದರೆ ಕಪ್ಲರ್ ಮುರಿದಿರುತ್ತದೆ. ಇವೆರಡೂ ಅಂಗಡಿಯಲ್ಲಿ ಸಿಗುವ ಸಣ್ಣ ಭಾಗಗಳೇ.

ಹೊಲಿಗೆ ಯಂತ್ರದ ವಿಷಯ ನಮಗೆ ಇನ್ನೂ ಮುಖ್ಯ. ನಮ್ಮಂಥ ಟ್ರಸ್ಟುಗಳು ವಿಧವೆಯರಿಗೆ, ಒಂಟಿ ತಾಯಂದಿರಿಗೆ ಹೊಲಿಗೆ ಯಂತ್ರ ಕೊಡುವುದು ವಾಡಿಕೆ. ಕೊಟ್ಟ ಯಂತ್ರಗಳು ಈಗಲೂ ಓಡುತ್ತಿವೆಯೇ ಎಂದು ದಾನಿಗಳು ಕೇಳುತ್ತಾರೆ. ಯಂತ್ರ ಕೊಡುವುದು ಒಂದು ದಿನದ ಕೆಲಸ, ಅದನ್ನು ಓಡುತ್ತಿರುವಂತೆ ಇಡುವುದು ವರ್ಷಗಳ ಕೆಲಸ. ನೂಲು ಬಟ್ಟೆಯ ಅಡಿಯಲ್ಲಿ ಗಂಟು ಗಂಟಾಗಿ ಸೇರಿಕೊಂಡರೆ ಮೇಲಿನ ನೂಲು ಸರಿಯಾದ ದಾರಿಯಲ್ಲಿ ಹಾದುಬಂದಿಲ್ಲ, ಅಥವಾ ಮೇಲಿನ ಬಿಗಿತ ಸಡಿಲಾಗಿದೆ ಎಂದರ್ಥ. ಹೊಲಿಗೆ ನಡುನಡುವೆ ತಪ್ಪಿದರೆ ಸೂಜಿ ಬಾಗಿರಬಹುದು, ಮೊಂಡಾಗಿರಬಹುದು, ಅಥವಾ ಚಪ್ಪಟೆ ಬದಿ ತಪ್ಪು ದಿಕ್ಕಿಗೆ ತಿರುಗಿರಬಹುದು. ತೆಳು ಬಟ್ಟೆಗೆ 11, ಸಾಮಾನ್ಯ ಹತ್ತಿ ಬಟ್ಟೆಗೆ 14, ದಪ್ಪ ಬಟ್ಟೆಗೆ 16 ನಂಬರಿನ ಸೂಜಿ ಎಂಬುದು ಕಲಿಯಬೇಕಾದ ಮೊದಲ ಪಾಠ. ಯಂತ್ರ ಬಿಗಿಯಾಗಿ ತಿರುಗಿದರೆ ತಟ್ಟೆ ಬಿಚ್ಚಿ ಹಲ್ಲುಗಳ ನಡುವೆ ಸೇರಿದ ನೂಲಿನ ಧೂಳು ತೆಗೆಯಬೇಕು. ಹೊಲಿಗೆ ಯಂತ್ರದ ಎಣ್ಣೆಯನ್ನೇ ಹಾಕಬೇಕು. ಅಡುಗೆಯ ಎಣ್ಣೆ ಹಾಕಿದರೆ ಕೆಲವು ಕಾಲದ ನಂತರ ಅದು ಅಂಟಾಗಿ ಯಂತ್ರವನ್ನೇ ಹಿಡಿದುಬಿಡುತ್ತದೆ.

ಇಷ್ಟನ್ನು ಹೊಲಿಯುವವರೇ ಒಂದು ದಿನದಲ್ಲಿ ಕಲಿಯಬಹುದು. ಇದಕ್ಕಿಂತ ಆಳದ ದೋಷವೆಂದರೆ ‘ಟೈಮಿಂಗ್’. ಸೂಜಿ ಕೆಳಗಿಳಿದು ಮೇಲೇಳುವ ಕ್ಷಣಕ್ಕೆ ಸರಿಯಾಗಿ ಕೆಳಗಿನ ಶಟಲ್‌ನ ಕೊಕ್ಕೆ ಬಂದು ನೂಲನ್ನು ಹಿಡಿಯಬೇಕು. ಅದು ಸ್ವಲ್ಪ ತಪ್ಪಿದರೂ ಹೊಲಿಗೆ ಬೀಳುವುದಿಲ್ಲ. ಇದನ್ನು ಸರಿಪಡಿಸಲು ಪಳಗಿದ ಕೈಯೇ ಬೇಕು. ಅಂಥ ಕೈ ಊರಿಗೊಂದಾದರೂ ಇರಬೇಕು.

ಬಾವಿಯ ಪಂಪು ಓಡುತ್ತದೆ, ನೀರು ಬರುವುದಿಲ್ಲ ಎಂಬುದು ಇನ್ನೊಂದು ಸಾಮಾನ್ಯ ದೂರು. ನೀರಿನೊಳಗಿನ ಫುಟ್‌ವಾಲ್ವ್‌ನಲ್ಲಿ ಕಸ ಸಿಕ್ಕಿಕೊಂಡು ಅದು ಮುಚ್ಚಿಕೊಳ್ಳದಿದ್ದರೆ ಪೈಪಿನ ನೀರು ಕೆಳಗಿಳಿದುಹೋಗುತ್ತದೆ. ಪಂಪು ಬರೀ ಗಾಳಿ ಎಳೆಯುತ್ತದೆ. ನೀರಿಲ್ಲದೆ ಹೀಗೇ ಓಡಿಸುತ್ತಿದ್ದರೆ ಪಂಪಿನ ಸೀಲು ಹಾಳಾಗುತ್ತದೆ, ಸಣ್ಣ ಖರ್ಚು ದೊಡ್ಡದಾಗುತ್ತದೆ.

ಮಸೀದಿಯ ವುಳೂ ಮಾಡುವ ಜಾಗದ ನಲ್ಲಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ 86,400 ಹನಿ ಬೀಳುತ್ತದೆ. 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ಅದು ನಾಲ್ಕು ಲೀಟರಿಗಿಂತ ಹೆಚ್ಚು. ಅಂಥ 12 ನಲ್ಲಿಗಳಿದ್ದರೆ ದಿನಕ್ಕೆ 50 ಲೀಟರ್ ದಾಟುತ್ತದೆ. ಪ್ರವಾದಿ(ಸ)ಯವರು ಒಂದು ಮುದ್ದ್ ಅಳತೆಯ ನೀರಿನಲ್ಲಿ, ಅಂದರೆ ಮುಕ್ಕಾಲು ಲೀಟರಿಗೂ ಕಡಿಮೆ ನೀರಿನಲ್ಲಿ ವುಳೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಹೀಗೆ ಚರಂಡಿಗೆ ಹೋಗುವ ನೀರು ಅರವತ್ತಕ್ಕಿಂತ ಹೆಚ್ಚು ಜನರ ವುಳೂವಿಗೆ ಸಾಕು. ತಡೆಯಲು ಎಷ್ಟೋ ಸಲ ಬೇಕಾಗುವುದು ಒಂದು ರಬ್ಬರ್ ವಾಷರ್, ಒಂದು ಸ್ಪ್ಯಾನರ್ ಮತ್ತು ಹತ್ತು ನಿಮಿಷ.

ಅರ್ಧ ಗೊತ್ತಿರುವುದರ ಅಪಾಯ

ಕೇಡು ಮಾಡದಿರುವುದು ಎಂಬ ನಿಯಮ ವಿದ್ಯುತ್ ಕೆಲಸದಲ್ಲಿ ಜೀವದ ಪ್ರಶ್ನೆ. ಸೇವೆಯ ಹುಮ್ಮಸ್ಸಿನಲ್ಲಿ ಗೊತ್ತಿಲ್ಲದ ಕೆಲಸಕ್ಕೆ ಕೈಹಾಕಿದರೆ ಉಪಕಾರ ಮಾಡಲು ಹೋಗಿ ಅಪಕಾರವಾಗುತ್ತದೆ.

ಸ್ವಿಚ್ ಆಫ್ ಮಾಡಿದ ಮಾತ್ರಕ್ಕೆ ತಂತಿಯಲ್ಲಿ ವಿದ್ಯುತ್ ಇಲ್ಲವೆಂದಲ್ಲ. ವೈರಿಂಗ್ ಮಾಡಿದವರು ಫೇಸ್ ಬದಲು ನ್ಯೂಟ್ರಲ್ ತಂತಿಯನ್ನು ಸ್ವಿಚ್‌ಗೆ ಕೊಟ್ಟಿದ್ದರೆ, ಸ್ವಿಚ್ ಆಫ್ ಇದ್ದರೂ ಫ್ಯಾನಿನ ತಂತಿ ಜೀವಂತವಾಗಿರುತ್ತದೆ. ಆದ್ದರಿಂದ ಮೇನ್ ಆಫ್ ಮಾಡಿ, ಟೆಸ್ಟರಿನಿಂದ ಪರೀಕ್ಷಿಸಿ, ಆಮೇಲೆ ಮುಟ್ಟಬೇಕು. ಮನೆಯ ಎಂಸಿಬಿ ಮುಖ್ಯವಾಗಿ ತಂತಿಯನ್ನು ಕಾಪಾಡುತ್ತದೆ. ಹೆಚ್ಚು ವಿದ್ಯುತ್ ಹರಿದಾಗ, ಶಾರ್ಟ್ ಆದಾಗ ಅದು ಬೀಳುತ್ತದೆ. ಮನುಷ್ಯನ ಮೈಯ ಮೂಲಕ ಸೋರುವ ಅಲ್ಪ ವಿದ್ಯುತ್ತಿಗೆ ಅದು ಬೀಳುವುದಿಲ್ಲ. ಅದಕ್ಕೆ ಬೇಕಾಗಿರುವುದು ಆರ್‌ಸಿಸಿಬಿ. ಮನೆಗಳಿಗೆ ಹಾಕುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅಷ್ಟು ಸಣ್ಣ ಸೋರಿಕೆಯನ್ನೂ ಗುರುತಿಸಿ ತಟ್ಟನೆ ವಿದ್ಯುತ್ ಕಡಿಯುತ್ತದೆ. ಜೊತೆಗೆ ಸರಿಯಾದ ಅರ್ತಿಂಗ್ ಬೇಕು. ಮಳೆಗಾಲದಲ್ಲಿ ಒದ್ದೆ ಗೋಡೆ, ಕಬ್ಬಿಣದ ಕಿಟಕಿ, ಪಂಪಿನ ಪೈಪು ಮುಟ್ಟಿ ಆಘಾತವಾಗುವುದನ್ನು ಬಲ್ಲ ನಮ್ಮ ಊರುಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದ್ದರಿಂದ ನಮ್ಮ ಸ್ವಯಂಸೇವಕರಿಗೆ ಒಂದು ಗೆರೆ ಹಾಕಿದ್ದೇವೆ. ಹೊಲಿಗೆ ಯಂತ್ರ ಸ್ವಚ್ಛ ಮಾಡುವುದು, ನಲ್ಲಿಯ ವಾಷರ್ ಬದಲಿಸುವುದು, ಗಾಲಿಕುರ್ಚಿಯ ಚಕ್ರ ಮತ್ತು ಬ್ರೇಕ್ ನೋಡುವುದು, ಬಾಗಿಲಿನ ಬಿಜಾಗರಿ ಕೂರಿಸುವುದು: ಇವನ್ನು ತರಬೇತಿ ಪಡೆದ ಯಾರೂ ಮಾಡಬಹುದು. ವೈರಿಂಗ್, ಸ್ವಿಚ್ ಬೋರ್ಡ್, ಅರ್ತಿಂಗ್, ಗ್ಯಾಸ್ ಸಂಪರ್ಕ, ಫ್ರಿಜ್ ಇವುಗಳನ್ನು ಕಲಿತು ಅರ್ಹತೆ ಪಡೆದವರೇ ಮಾಡಬೇಕು. ಕರ್ನಾಟಕದಲ್ಲಿ ವೈರಿಂಗ್ ಕೆಲಸಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಎಂಬ ವ್ಯವಸ್ಥೆಯೇ ಇದೆ. ನಮ್ಮ ವಿದ್ಯಾರ್ಥಿಗಳು ಆ ಮಟ್ಟ ಮುಟ್ಟಬೇಕೆಂಬುದೇ ಈ ವಿದ್ಯಾರ್ಥಿವೇತನದ ಉದ್ದೇಶ.

ನೆರೆ ಬಂದಾಗ ಇಂಥ ಕೈಗಳ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲಿ ಭೂಕುಸಿತವಾಯಿತು, ನೆರೆಯ ಕೇರಳ ಪ್ರವಾಹದಲ್ಲಿ ಮುಳುಗಿತು. ನೀರು ಇಳಿದ ಮೇಲೆ ಕೇರಳದಲ್ಲಿ ಐಟಿಐಗಳ ವಿದ್ಯಾರ್ಥಿಗಳು ಮತ್ತು ಬೋಧಕರು ತಂಡ ಕಟ್ಟಿಕೊಂಡು ಮನೆಗಳಿಗೆ ಹೋಗಿ ವೈರಿಂಗ್, ಕೊಳಾಯಿ, ಮರಗೆಲಸ, ವಿದ್ಯುತ್ ಉಪಕರಣಗಳ ರಿಪೇರಿ ಮಾಡಿಕೊಟ್ಟರು. ನೆರೆಯಲ್ಲಿ ನೆನೆದ ಪಂಪು, ಫ್ರಿಜ್ ಮುಂತಾದವನ್ನು ಪೂರ್ತಿ ಒಣಗಿಸಿ ಪರೀಕ್ಷಿಸುವ ಮೊದಲು ಸ್ವಿಚ್ ಹಾಕಬಾರದು. ಅದನ್ನು ತಿಳಿದವರು ಹತ್ತಿರ ಇದ್ದರೆ ಉಳಿಯುವುದು ಬರೀ ವಸ್ತುವಲ್ಲ, ಜೀವವೂ ಹೌದು.

ಎಲ್ಲಿ ಕಲಿಯಬಹುದು

‘ಓದು ಹತ್ತದವರು ಐಟಿಐಗೆ’ ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಅದು ಸರಿಯಲ್ಲ ಎಂದು ಪೋಷಕರಿಗೆ ಒತ್ತಿ ಹೇಳಬಯಸುತ್ತೇವೆ. ಐಟಿಐಗಳ ಮೂಲಕ ಕಸುಬು ಕಲಿಸುವ ಯೋಜನೆಯನ್ನು ಭಾರತ ಸರಕಾರ 1950ರಲ್ಲಿ ಆರಂಭಿಸಿತು. ಎಲೆಕ್ಟ್ರಿಷಿಯನ್, ಫಿಟ್ಟರ್, ಫ್ರಿಜ್ ಮತ್ತು ಎ.ಸಿ. ತಂತ್ರಜ್ಞ ಈ ವೃತ್ತಿಗಳಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಅವಧಿ ಎರಡು ವರ್ಷ. ವೆಲ್ಡರ್, ಪ್ಲಂಬರ್, ಹೊಲಿಗೆ ತಂತ್ರಜ್ಞಾನ ಒಂದು ವರ್ಷದವು. ಇನ್ನು ಕೆಲವು ವೃತ್ತಿಗಳಿಗೆ 8ನೇ ತರಗತಿಯ ಅರ್ಹತೆ ಸಾಕು. ಎಲೆಕ್ಟ್ರಿಷಿಯನ್ ಪಾಠದಲ್ಲಿ ಗಣಿತವಿದೆ, ವಿಜ್ಞಾನವಿದೆ, ನಕ್ಷೆ ಓದುವುದಿದೆ. ಮುಂದೆ ಓದುವ ಬಾಗಿಲೂ ಮುಚ್ಚುವುದಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶದ ಅವಕಾಶವಿದೆ, ಅಲ್ಲಿಂದ ಎಂಜಿನಿಯರಿಂಗ್‌ಗೂ ದಾರಿಯಿದೆ. ಐಟಿಐ ನಂತರ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಗಳಲ್ಲಿ ಸ್ಟೈಪೆಂಡ್ ಪಡೆದು ತರಬೇತಿಯಲ್ಲಿ ಸೇರಬಹುದು. ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರಿಗಂತೂ ಕೈಯಲ್ಲಿ ಸರ್ಟಿಫಿಕೇಟು ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸವನ್ನು ಅಲ್ಲಿ ದುಡಿದು ಬಂದ ಯಾವ ಮನೆಯವರೂ ಹೇಳಬಲ್ಲರು.

ಎರಡು ವರ್ಷ ಕೊಡಲಾಗದವರಿಗೆ ಅಲ್ಪಾವಧಿಯ ತರಬೇತಿಗಳಿವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಕ ಯುವತಿಯರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತದೆ. ಅದೇ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಸಂಸ್ಥೆಗಳು ಇಂದು ದೇಶದ ಜಿಲ್ಲೆ ಜಿಲ್ಲೆಗಳಲ್ಲಿವೆ. ಮೋಟಾರ್ ರಿವೈಂಡಿಂಗ್ ಮತ್ತು ಪಂಪ್‌ಸೆಟ್ ರಿಪೇರಿ, ದ್ವಿಚಕ್ರ ವಾಹನ ರಿಪೇರಿ, ಮೊಬೈಲ್ ರಿಪೇರಿ, ಮನೆಯ ವೈರಿಂಗ್ ಮುಂತಾದವು ಅಲ್ಲಿ ಕೆಲವೇ ವಾರಗಳ ತರಬೇತಿಗಳಾಗಿವೆ.

ಗ್ಯಾರೇಜಿನಲ್ಲಿ ಉಸ್ತಾದರ ಕೈಕೆಳಗೆ ಹತ್ತು ವರ್ಷ ದುಡಿದು ಕೆಲಸ ಕಲಿತ ಯುವಕರು ನಮ್ಮ ಮೊಹಲ್ಲಾಗಳಲ್ಲಿ ಬಹಳ. ಶಬ್ದ ಕೇಳಿಯೇ ಎಂಜಿನ್ನಿನ ದೋಷ ಹೇಳಬಲ್ಲರು. ಆದರೆ ಅವರ ಬಳಿ ಒಂದು ಕಾಗದವಿಲ್ಲ. ಅಂಥವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಸರಕಾರದ ಕೌಶಲ ಯೋಜನೆಯಲ್ಲಿದೆ. ಇದನ್ನು ಆರ್‌ಪಿಎಲ್ ಎನ್ನುತ್ತಾರೆ, ಅಂದರೆ ಮೊದಲೇ ಕಲಿತದ್ದಕ್ಕೆ ಮಾನ್ಯತೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ದರ್ಜಿ, ಚಮ್ಮಾರ, ಬೀಗ ಮಾಡುವವರು, ಬಡಗಿ, ಕಮ್ಮಾರ ಅದರಲ್ಲಿ ಸೇರಿದ್ದಾರೆ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂ. ಭತ್ಯೆ, ಸಲಕರಣೆಗೆ 15,000 ರೂ.ವರೆಗೆ ನೆರವು ಸಿಗುತ್ತದೆ. ಎಲೆಕ್ಟ್ರಿಷಿಯನ್, ಮೆಕ್ಯಾನಿಕ್ ಆ ಪಟ್ಟಿಯಲ್ಲಿಲ್ಲ ಎಂಬುದನ್ನೂ ಗಮನಿಸಿ, ಆ ಹೆಸರಿನಲ್ಲಿ ಅರ್ಜಿ ಬರೆಸಿ ಹಣ ಕೇಳುವವರನ್ನು ನಂಬಬೇಡಿ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿ ಯೋಜನೆಯನ್ನೂ ವಿಚಾರಿಸಿ. ಯಾವ ಅರ್ಜಿಗೆ ಯಾವ ದಾಖಲೆ ಬೇಕೆಂದು ತಿಳಿಸಲು ನಮ್ಮ ಕಚೇರಿಯಲ್ಲಿ ಸಹಾಯವಿದೆ.

ಒಂದು ಸಲ ಕಲಿತರೆ ಜನ್ಮವಿಡೀ ಸಾಕು ಎನ್ನುವ ಕಾಲವೂ ಇದಲ್ಲ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಗುರುತು ಕಡ್ಡಾಯವಾಗಿದೆ. ಹೊಸ ಬಿಎಲ್‌ಡಿಸಿ ಫ್ಯಾನುಗಳು ಹಳೆಯದರ ಅರ್ಧದಷ್ಟೂ ವಿದ್ಯುತ್ ಬಳಸುವುದಿಲ್ಲ, ಆದರೆ ಅವುಗಳ ಒಳಗೆ ಎಲೆಕ್ಟ್ರಾನಿಕ್ ಬೋರ್ಡು ಇದೆ. ಕೆಪಾಸಿಟರ್ ಬದಲಿಸಿ ಗೊತ್ತಿರುವ ಕೈಗೆ ಬೋರ್ಡಿನ ಕೆಲಸವನ್ನು ಹೊಸದಾಗಿ ಕಲಿಸಬೇಕು. ಹಳೆಯ ಕಸುಬುದಾರರಿಗೂ ಈ ವಿದ್ಯಾರ್ಥಿವೇತನವನ್ನು ತೆರೆದಿಟ್ಟಿರುವುದು ಇದೇ ಕಾರಣಕ್ಕೆ.

ಹೆಣ್ಣುಮಕ್ಕಳ ಅರ್ಜಿಗಳನ್ನು ವಿಶೇಷವಾಗಿ ಎದುರು ನೋಡುತ್ತೇವೆ. ಗಂಡಸರು ಊರಲ್ಲಿಲ್ಲದ ಮನೆಗಳಲ್ಲಿ, ಇದ್ದತ್‌ನಲ್ಲಿರುವವರ ಮನೆಯಲ್ಲಿ, ರಿಪೇರಿಯವರನ್ನು ಒಳಗೆ ಕರೆಯಲು ಹಿಂಜರಿದು ಕೆಲಸವನ್ನು ತಿಂಗಳುಗಟ್ಟಲೆ ಹಾಗೇ ಬಿಡುವುದುಂಟು. ಹೊಲಿಗೆ ಯಂತ್ರ, ಮಿಕ್ಸಿ, ಗ್ರೈಂಡರ್ ರಿಪೇರಿ ಬಲ್ಲ ಮಹಿಳೆ ಒಬ್ಬರಿದ್ದರೆ ಆ ಬಾಗಿಲುಗಳು ತೆರೆಯುತ್ತವೆ. ಅವರಿಗೂ ಗೌರವದ ಸಂಪಾದನೆಯಾಗುತ್ತದೆ.

ದಾನಿಗಳ ಹಣ ಹೇಗೆ ಬಳಕೆಯಾಗುತ್ತದೆ

ಝಕಾತ್ ಹಣವನ್ನು ಸಲಕರಣೆಗೆ ಕೊಡಬಹುದೇ ಎಂಬುದು ದಾನಿಗಳ ಸಹಜ ಪ್ರಶ್ನೆ. 13ನೇ ಶತಮಾನದ ಶಾಫಿಈ ವಿದ್ವಾಂಸ ಇಮಾಂ ನವವಿಯವರು ‘ಅಲ್ ಮಜ್ಮೂ’ ಗ್ರಂಥದಲ್ಲಿ, ಕಸುಬು ಬಲ್ಲ ಬಡವನಿಗೆ ಆ ಕಸುಬಿನ ಉಪಕರಣ ಕೊಳ್ಳುವಷ್ಟು ಝಕಾತ್‌ನಿಂದ ಕೊಡುವ ವಿಷಯವನ್ನು ಚರ್ಚಿಸಿದ್ದಾರೆ. ಒಂದು ಹೊತ್ತು ಉಣಿಸಿ ಕಳುಹಿಸುವುದಕ್ಕಿಂತ ಅವನು ತನ್ನ ಕಾಲ ಮೇಲೆ ನಿಲ್ಲಲಿ ಎಂಬುದು ಅದರ ಹಿಂದಿನ ಆಶಯ. ವಿವರಗಳಿಗೆ ನಿಮ್ಮ ಖತೀಬರನ್ನು, ಉಲಮಾಗಳನ್ನು ಕೇಳಿ ತಿಳಿದುಕೊಳ್ಳಿ.

ನಮ್ಮ ಲೆಕ್ಕದಲ್ಲಿ ಎರಡು ಖಾತೆಗಳನ್ನು ಬೇರೆಬೇರೆಯಾಗಿಯೇ ಇಟ್ಟಿದ್ದೇವೆ. ಝಕಾತ್ ಖಾತೆಯಿಂದ ಹೋಗುವ ಫೀಸು ಮತ್ತು ಸಲಕರಣೆ ಪೆಟ್ಟಿಗೆ ಅರ್ಹ ಬಡ ವಿದ್ಯಾರ್ಥಿಗೆ ಮಾತ್ರ, ಮತ್ತು ಅದು ಅವನ ಅಥವಾ ಅವಳ ಸ್ವಂತ ಸೊತ್ತು. ಅದನ್ನು ನಾವು ಮರಳಿ ಕೇಳುವುದಿಲ್ಲ. ಅದು ಅರ್ಹರ ಹಕ್ಕು, ಆದ್ದರಿಂದ ಅದರ ಬದಲಿಗೆ ಸೇವೆ ಮಾಡಬೇಕೆಂಬ ಷರತ್ತನ್ನೂ ಹಾಕುವುದಿಲ್ಲ. ಎಲ್ಲರೂ ಬಳಸುವ ಸಲಕರಣೆಗಳು, ಅಂದರೆ ಡ್ರಿಲ್, ಮಲ್ಟಿಮೀಟರ್, ಏಣಿ, ಪೈಪ್ ರೆಂಚು ಮುಂತಾದವು ಸದಕ ಖಾತೆಯಿಂದ. ಇವು ಟ್ರಸ್ಟಿನ ಕಚೇರಿಯಲ್ಲಿರುತ್ತವೆ, ರಿಜಿಸ್ಟರಿನಲ್ಲಿ ಸಹಿ ಹಾಕಿ ಒಯ್ದು ಮರಳಿಸಬಹುದು. ಜಾತಿ, ಧರ್ಮ ನೋಡದೆ ಊರಿನ ಯಾರಿಗೂ ಈ ಸಲಕರಣೆಗಳನ್ನು ಕೊಡುತ್ತೇವೆ.

ಮನೆಯಲ್ಲಿ ಸುಮ್ಮನೆ ಬಿದ್ದಿರುವ ಒಳ್ಳೆಯ ಸ್ಪ್ಯಾನರ್ ಸೆಟ್, ಸೋಲ್ಡರಿಂಗ್ ಕಡ್ಡಿ, ಹಳೆಯ ಹೊಲಿಗೆ ಯಂತ್ರವನ್ನೂ ದಾನ ಮಾಡಬಹುದು. ಕೆಟ್ಟಿದ್ದರೂ ಸರಿ. ಕಲಿಯುವವರಿಗೆ ಬಿಚ್ಚಿ ಜೋಡಿಸಲು ಕೆಟ್ಟ ಯಂತ್ರಕ್ಕಿಂತ ಒಳ್ಳೆಯ ಪಠ್ಯಪುಸ್ತಕವಿಲ್ಲ.

ರಿಪೇರಿಯ ಭಾನುವಾರ

ಕಲಿತವರ ಕೈಗೂ ಕಾಯುತ್ತಿರುವ ಮನೆಗೂ ಭೇಟಿ ಮಾಡಿಸುವ ದಾರಿ ಬೇಕಲ್ಲ. ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡಾಮ್‌ನಲ್ಲಿ 2009ರಲ್ಲಿ ‘ರಿಪೇರಿ ಕೆಫೆ’ ಎಂಬ ಕೂಟ ಆರಂಭವಾಯಿತು. ಜನ ಕೆಟ್ಟ ವಸ್ತು ತರುತ್ತಾರೆ, ರಿಪೇರಿ ಬಲ್ಲವರು ಅಲ್ಲಿ ಕುಳಿತಿರುತ್ತಾರೆ, ಇಬ್ಬರೂ ಸೇರಿ ಅದನ್ನು ಸರಿಮಾಡುತ್ತಾರೆ. 2015ರಲ್ಲಿ ನಮ್ಮ ಬೆಂಗಳೂರಿನಲ್ಲೂ ಅಂಥ ಕೂಟಗಳು ಶುರುವಾದವು. ವಸ್ತು ಕೊಟ್ಟು ಹೋಗಿ ಸಂಜೆ ಬಂದು ಒಯ್ಯುವಂತಿಲ್ಲ ಎಂಬುದೇ ಇದರ ವಿಶೇಷ. ಪಕ್ಕದಲ್ಲಿ ಕುಳಿತು ನೋಡಬೇಕು, ಸ್ಕ್ರೂ ಹಿಡಿದುಕೊಳ್ಳಬೇಕು. ಹಾಗೆ ಮಾಡಿದವರಿಗೆ ಮುಂದಿನ ಸಲ ಕೆಟ್ಟಾಗ ಅರ್ಧ ಕೆಲಸ ತಾವೇ ಮಾಡುವ ಧೈರ್ಯ ಬರುತ್ತದೆ.

ಅದೇ ಮಾದರಿಯಲ್ಲಿ ಮದರಸ ಸಭಾಂಗಣದಲ್ಲಿ ತಿಂಗಳಿಗೊಂದು ಭಾನುವಾರ ರಿಪೇರಿ ಕೂಟ ನಡೆಸಲು ಯೋಜಿಸಿದ್ದೇವೆ. ಇದರಿಂದ ರಿಪೇರಿ ಅಂಗಡಿಯವರ ಹೊಟ್ಟೆಗೆ ಹೊಡೆತ ಬೀಳಬಾರದು. ಆದ್ದರಿಂದ ಉಚಿತ ಸೇವೆ ಕೊಡಲಾಗದವರಿಗೆ ಮಾತ್ರ. ಬಿಡಿಭಾಗಗಳನ್ನು ಊರಿನ ಅಂಗಡಿಗಳಿಂದಲೇ ಕೊಳ್ಳುತ್ತೇವೆ. ಮಾರ್ಗದರ್ಶನ ಮಾಡಲು ಬರುವ ಅನುಭವಿ ಉಸ್ತಾದರಿಗೆ ಆ ದಿನದ ಕೂಲಿಯನ್ನು ಟ್ರಸ್ಟ್ ಕೊಡುತ್ತದೆ. ಕಂಪೆನಿಯ ವಾರಂಟಿ ಇರುವ ವಸ್ತುಗಳನ್ನು ಬಿಚ್ಚುವುದಿಲ್ಲ. ಅಂಥ ವಸ್ತುಗಳ ಸರ್ವಿಸ್ ಮತ್ತು ಬಿಡಿಭಾಗಗಳ ಮಾಹಿತಿಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರಿಪೇರಿ ಹಕ್ಕು’ ಪೋರ್ಟಲ್ ತೆರೆದಿದೆ. ಅದನ್ನು ನೋಡಲು ನಮ್ಮ ಹುಡುಗರು ಸಹಾಯ ಮಾಡುತ್ತಾರೆ.

ಅರ್ಜಿದಾರರ ಗಮನಕ್ಕೆ

ಐಟಿಐ, ಆರ್‌ಸೆಟಿ ಅಥವಾ ಮಾನ್ಯತೆ ಪಡೆದ ಬೇರೆ ತರಬೇತಿಗೆ ಸೇರಿದವರು, ಸೇರಲಿರುವವರು ಅರ್ಜಿ ಸಲ್ಲಿಸಬಹುದು. ಗ್ಯಾರೇಜು, ವರ್ಕ್‌ಶಾಪುಗಳಲ್ಲಿ ದುಡಿಯುತ್ತ ಪ್ರಮಾಣಪತ್ರದ ಪರೀಕ್ಷೆಗೆ ಕೂರುವವರಿಗೂ ಅವಕಾಶವಿದೆ. ಶಾಲೆ ಬಿಟ್ಟು ವರ್ಷಗಳಾದವರೂ ಅರ್ಜಿ ಹಾಕಬಹುದು, ಅಂಕಪಟ್ಟಿಯಲ್ಲಿ ಎಷ್ಟು ಅಂಕ ಬಂದಿದೆ ಎಂಬುದು ಈ ವಿಭಾಗದಲ್ಲಿ ಮಾನದಂಡವಲ್ಲ. ಆದರೆ 14 ವರ್ಷ ತುಂಬದ ಮಕ್ಕಳನ್ನು ಕೆಲಸ ಕಲಿಸುವ ನೆಪದಲ್ಲಿ ಶಾಲೆ ಬಿಡಿಸಿ ಕಳುಹಿಸಬೇಡಿ. ಅವರ ಜಾಗ ಶಾಲೆಯಲ್ಲೇ, ಅದಕ್ಕೆ ಬೇಕಾದ ನೆರವನ್ನು ಬೇರೆ ವಿಭಾಗದಲ್ಲಿ ಕೇಳಿ.

ನೆರವಿನಲ್ಲಿ ತರಬೇತಿಯ ಫೀಸು, ಬಸ್ ಪಾಸು, ಸಮವಸ್ತ್ರ ಮತ್ತು ಸುರಕ್ಷತಾ ಬೂಟು, ತರಬೇತಿ ಮುಗಿದಾಗ ಆ ಕಸುಬಿನ ಸಲಕರಣೆ ಪೆಟ್ಟಿಗೆ ಸೇರಿವೆ. ಅರ್ಜಿಯೊಂದಿಗೆ ಆಧಾರ್ ಪ್ರತಿ, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಕೊನೆಯದಾಗಿ ಓದಿದ ಶಾಲೆಯ ದಾಖಲೆ, ತರಬೇತಿ ಸಂಸ್ಥೆಯ ಪ್ರವೇಶ ಪತ್ರ ಇದ್ದರೆ ಅದರ ಪ್ರತಿ ಲಗತ್ತಿಸಿ. ಉಸ್ತಾದರ ಬಳಿ ಕೆಲಸ ಮಾಡುತ್ತಿರುವವರು ಅವರಿಂದ ಎಷ್ಟು ವರ್ಷದ ಕೆಲಸ ಎಂದು ಒಂದು ಕಾಗದ ಬರೆಸಿ ತಂದರೆ ಸಾಕು. ಅರ್ಜಿ ನಮೂನೆ ಈ ವರದಿಯ ಕೊನೆಯ ಪುಟದಲ್ಲಿದೆ. ಬರೆಯಲು ಕಷ್ಟವಾದರೆ ಕಚೇರಿಗೆ ಬನ್ನಿ, ಬರೆದುಕೊಡುತ್ತೇವೆ.

ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ‘ನೀವು ಈವರೆಗೆ ಏನನ್ನಾದರೂ ರಿಪೇರಿ ಮಾಡಿದ್ದೀರಾ? ಹೇಗೆ ಮಾಡಿದಿರಿ?’ ಸೈಕಲ್ ಚೈನ್ ಆಗಲಿ, ಅಜ್ಜಿಯ ರೇಡಿಯೋ ಆಗಲಿ, ಸಂಕೋಚವಿಲ್ಲದೆ ಬರೆಯಿರಿ. ಆಯ್ಕೆಯಲ್ಲಿ ಆ ಉತ್ತರವನ್ನು ಗಮನವಿಟ್ಟು ಓದುತ್ತೇವೆ.

ಕಸುಬುದಾರನಿಗೆ ನೆರವಾಗುವುದು ದಾನಿಗಳ ಪಾಲು. ಗೊತ್ತಿಲ್ಲದವರಿಗೆ ಮಾಡಿಕೊಡುವುದು ಕಲಿತವರ ಪಾಲು. ಎರಡನ್ನೂ ಸೇರಿಸುವುದು ನಮ್ಮ ಹೊಣೆ. ನಿಮ್ಮ ಸಂಪತ್ತಿನಲ್ಲಿ, ಈ ಮಕ್ಕಳ ಕೈಗಳಲ್ಲಿ ಅಲ್ಲಾಹನು ಬರಕತ್ ನೀಡಲಿ, ಎಲ್ಲರ ಕರ್ಮಗಳನ್ನು ಸ್ವೀಕರಿಸಲಿ. ಆಮೀನ್.